ಬೀಳೋದನ್ನ ಯಾರು ಕಲಿಸ್ತಾರೆ?

ನಮ್ಮ ಮಕ್ಕಳಿಗೆ ಬ್ಯಾಟ್ ಹಿಡಿಯೋದನ್ನ ಕಲಿಸೋಕೆ ಕೋಚ್ ಇದ್ದಾರೆ. ಚೆಂಡು ಒದೆಯೋದನ್ನ ಕಲಿಸೋಕೆ ಇದ್ದಾರೆ, ಸ್ಮ್ಯಾಶ್ ಹೊಡೆಯೋದನ್ನ ಕಲಿಸೋಕೂ ಇದ್ದಾರೆ. ಬೆಳಿಗ್ಗೆ ಐದೂವರೆಗೆ ಮಗುವನ್ನ ಎಬ್ಬಿಸಿ, ಸ್ಕೂಟರಿನ ಮುಂದೆ ಕಿಟ್ ಬ್ಯಾಗ್ ಇಟ್ಟುಕೊಂಡು ಅಕಾಡೆಮಿಗೆ ಬಿಟ್ಟು ಬರೋ ಅಪ್ಪಂದಿರು ಪ್ರತಿ ಬಡಾವಣೆಯಲ್ಲೂ ಸಿಗ್ತಾರೆ. ಅವರಿಗೆಲ್ಲ ಒಂದೇ ಒಂದು ಪ್ರಶ್ನೆ ಕೇಳ್ತೀನಿ. ಇಷ್ಟೆಲ್ಲ ಕಲಿಸೋರು, ಆ ಮಗು ಬಿದ್ದರೆ ಹೇಗೆ ಬೀಳಬೇಕು ಅಂತ ಒಂದು ದಿನವಾದರೂ ಕಲಿಸಿದ್ದಾರಾ?

ಬೀಳೋದನ್ನೂ ಕಲೀಬೇಕಾ ಸಾರ್, ಅದು ತಾನಾಗೇ ಬರುತ್ತಲ್ಲ ಅಂತೀರಿ. ಬೀಳೋದು ತಾನಾಗೇ ಬರುತ್ತೆ, ನಿಜ. ಪೆಟ್ಟಾಗದ ಹಾಗೆ ಬೀಳೋದು ಬರಲ್ಲ. 2021ರ ಮಾರ್ಚ್ ನೆನಪಿದೆಯಾ? ಪುಣೆಯಲ್ಲಿ ಇಂಗ್ಲೆಂಡ್ ವಿರುದ್ಧ ಒಂದು ದಿನದ ಪಂದ್ಯ. ನಾಲ್ಕು ರನ್ ಉಳಿಸೋಕೆ ಶ್ರೇಯಸ್ ಅಯ್ಯರ್ ಡೈವ್ ಮಾಡಿದರು. ಎಡ ಭುಜ ಕಳಚಿತು. ಸರಣಿ ಮುಗೀತು, ಶಸ್ತ್ರಚಿಕಿತ್ಸೆ ಆಯ್ತು, ಆ ವರ್ಷದ ಐಪಿಎಲ್‌ನ ಮೊದಲ ಭಾಗವೂ ಕೈತಪ್ಪಿತು. ಬೀಳೋದು ಕಲಿತಿದ್ದರೆ ಅವರ ಭುಜ ಉಳೀತಿತ್ತು ಅಂತ ನಾನು ಹೇಳ್ತಾ ಇಲ್ಲ. ಆ ವೇಗದಲ್ಲಿ ಯಾರ ಮೈಯಾದರೂ ಮುರೀಬಹುದು. ನಾನು ಹೇಳ್ತಿರೋದು ಇಷ್ಟೇ. ಫಿಸಿಯೋ, ಟ್ರೈನರ್, ಡಾಕ್ಟರು ಎಲ್ಲರೂ ಜೊತೆಗಿರೋ ಆಟಗಾರನಿಗೇ ಹೀಗಾಗುತ್ತೆ ಅನ್ನೋದಾದರೆ, ಕಲ್ಲು ಮಣ್ಣಿನ ಮೈದಾನದಲ್ಲಿ ಆಡೋ ಹದಿಮೂರು ವರ್ಷದ ಹುಡುಗನ ಗತಿ ಏನು?

ಇವತ್ತಿನ ವಿಷಯ ಇದೇ. ಒಂದು ಆಟದವರು ಇನ್ನೊಂದು ವಿದ್ಯೆಯಿಂದ ತಮಗೆ ಬೇಕಾದ್ದನ್ನ ತಗೊಳ್ಳೋದು. ಇದಕ್ಕೆ ಕ್ರಾಸ್ ಟ್ರೈನಿಂಗ್ ಅಂತಾರೆ. ಈಜುವವರು ಸೈಕಲ್ ತುಳೀತಾರೆ, ಓಟಗಾರರು ಭಾರ ಎತ್ತುತ್ತಾರೆ, ಅದೆಲ್ಲ ನಿಮಗೆ ಗೊತ್ತಿರೋದೇ. ಆದರೆ ಜೂಡೋ, ಕುಸ್ತಿ, ಟೇಕ್ವಾಂಡೋ, ಐಕಿಡೋ, ಬಾಕ್ಸಿಂಗ್ ತರಹದ ಸಮರ ಕಲೆಗಳಿಂದ ಬೇರೆ ಆಟದವರು ಏನು ತಗೊಂಡಿದ್ದಾರೆ ಅನ್ನೋದನ್ನ ನಾವು ಹೆಚ್ಚು ಮಾತಾಡಿಲ್ಲ. ಸಮರ ಕಲೆ ಅಂದ ತಕ್ಷಣ ನಮ್ಮ ಕಣ್ಣಿಗೆ ಬರೋದು ಬಿಳಿ ಬಟ್ಟೆ, ಕಪ್ಪು ಬೆಲ್ಟು, ಶಾಲಾ ವಾರ್ಷಿಕೋತ್ಸವದಲ್ಲಿ ಹೆಂಚು ಒಡೆಯೋ ಮಕ್ಕಳು. ಅದನ್ನ ಪಕ್ಕಕ್ಕಿಡಿ. ಒಬ್ಬ ಜಪಾನಿ ಆಟಗಾರನ ಕಥೆಯಿಂದ ಶುರು ಮಾಡೋಣ.

ಅವರ ಹೆಸರು ಸದಹಾರು ಓ. 1940ರಲ್ಲಿ ಹುಟ್ಟಿದವರು. ಆಟ ಬೇಸ್‌ಬಾಲ್. ಚೆಂಡನ್ನ ಮೈದಾನದಾಚೆ ಹೊಡೆದರೆ ಅಲ್ಲಿ ಹೋಮ್ ರನ್ ಅಂತಾರೆ, ನಮ್ಮ ಸಿಕ್ಸರ್ ಇದ್ದ ಹಾಗೆ. 1959ರಲ್ಲಿ ಈ ಹುಡುಗ ಟೋಕಿಯೋದ ಯೊಮಿಯುರಿ ಜೈಂಟ್ಸ್ ತಂಡಕ್ಕೆ ಬಂದಾಗ ಮೊದಲ 26 ಸಲ ಬ್ಯಾಟ್ ಹಿಡಿದು ನಿಂತರೂ ಒಂದೇ ಒಂದು ಹಿಟ್ ಬರಲಿಲ್ಲ. ಆ ವರ್ಷ ಹೊಡೆದದ್ದು 7 ಹೋಮ್ ರನ್. ಮಾರನೇ ವರ್ಷ 17, ಅದರ ಮರುವರ್ಷ 13. ಹೊಡೆಯೋಕೆ ಹೋಗಿ ಔಟಾಗೋದೇ ಜಾಸ್ತಿ ಅಂತ ಪ್ರೇಕ್ಷಕರು ಗೇಲಿ ಮಾಡ್ತಿದ್ದರು.

1962ರಲ್ಲಿ ಹಿರೋಶಿ ಅರಕಾವ ಅನ್ನೋ ಬ್ಯಾಟಿಂಗ್ ಕೋಚ್ ಬಂದರು. ಓ ಅವರ ದೋಷ ಏನು ಅಂತ ಅವರಿಗೆ ಕಂಡಿತು. ಬ್ಯಾಟ್ ಬೀಸೋ ಮೊದಲು ಮೈ ಒಂದು ಸಲ ತಡವರಿಸ್ತಿತ್ತು, ಅಷ್ಟರಲ್ಲಿ ಚೆಂಡು ಬಂದುಬಿಡ್ತಿತ್ತು. ಅದಕ್ಕೆ ಅರಕಾವ ಕೊಟ್ಟ ಮದ್ದು ವಿಚಿತ್ರ. ಮುಂದಿನ ಕಾಲು ಎತ್ತಿ, ಒಂಟಿ ಕಾಲಲ್ಲಿ ನಿಂತು ಚೆಂಡಿಗೆ ಕಾಯಿ ಅಂದರು. ಕೊಕ್ಕರೆ ನಿಲ್ಲೋ ಹಾಗೆ! ಗಂಟೆಗೆ ನೂರು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಬರೋ ಚೆಂಡಿನ ಮುಂದೆ ಒಂಟಿ ಕಾಲಲ್ಲಿ ಅಲ್ಲಾಡದೆ ನಿಲ್ಲೋದು ಹೇಗೆ? ಅದಕ್ಕೆ ಶಿಷ್ಯನನ್ನ ಐಕಿಡೋ ಗುರುಗಳ ಹತ್ತಿರ ಕರ್ಕೊಂಡು ಹೋದರು. ಹೊಕ್ಕುಳಿನ ಕೆಳಗೆ ಮೈಯ ತೂಕವನ್ನ ಹಿಡಿದು ನಿಲ್ಲೋದು, ಉಸಿರು ಕಟ್ಟದೆ ಕಾಯೋದು, ಎದುರಿನವನು ಚಲಿಸಿದ ಕ್ಷಣಕ್ಕೆ ಸರಿಯಾಗಿ ಚಲಿಸೋದು. ಐಕಿಡೋದ ಪಾಠ ಇದು. ಸಾಲದು ಅಂತ ಚಾವಣಿಯಿಂದ ಕಾಗದದ ಪಟ್ಟಿಯೊಂದನ್ನ ತೂಗುಹಾಕಿ ಅದನ್ನ ಜಪಾನಿ ಖಡ್ಗದಿಂದ ಕತ್ತರಿಸೋ ಅಭ್ಯಾಸ ಮಾಡಿಸಿದರು. ಗಾಳಿಯಲ್ಲಿ ಓಲಾಡೋ ಕಾಗದವನ್ನ ಬರೀ ಬಲದಿಂದ ಕತ್ತರಿಸೋಕಾಗಲ್ಲ. ಅಲಗು ನೇರವಾಗಿ, ಮಣಿಕಟ್ಟು ಗಟ್ಟಿಯಾಗಿ ಬಂದರೆ ಮಾತ್ರ ಕಾಗದ ತುಂಡಾಗುತ್ತೆ.

ಫಲಿತಾಂಶ ಕೇಳಿ. ಅದೇ 1962ರಲ್ಲಿ 38 ಹೋಮ್ ರನ್! ಅಲ್ಲಿಂದ ಸತತ 13 ವರ್ಷ ತಮ್ಮ ಲೀಗ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ ಹೊಡೆದವರು ಅವರೇ. 1980ರಲ್ಲಿ ನಿವೃತ್ತರಾದಾಗ ಲೆಕ್ಕ 868. ಅಮೆರಿಕದ ಮೇಜರ್ ಲೀಗ್‌ನ ದಾಖಲೆ ಬ್ಯಾರಿ ಬಾಂಡ್ಸ್ ಅವರ 762.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಿಡಬೇಡಿ. ಅರಕಾವ ತಮ್ಮ ಆಟಗಾರನನ್ನ ಐಕಿಡೋ ಪಟು ಮಾಡೋಕೆ ಹೊರಟಿರಲಿಲ್ಲ. ಮೊದಲು ಆಟದಲ್ಲಿ ದೋಷ ಹುಡುಕಿದರು. ಆಮೇಲೆ ಆ ದೋಷಕ್ಕೆ ಉತ್ತರ ಯಾವ ವಿದ್ಯೆಯಲ್ಲಿದೆ ಅಂತ ನೋಡಿದರು. ಬೇಕಾದಷ್ಟನ್ನ ತಂದರು, ಮಿಕ್ಕಿದ್ದನ್ನ ಅಲ್ಲೇ ಬಿಟ್ಟರು. ನಾವು ಮಾಡೋದು ಉಲ್ಟಾ. ಪಕ್ಕದ ಮನೆ ಹುಡುಗ ಕರಾಟೆಗೆ ಹೋಗ್ತಾನೆ, ನಮ್ಮವನೂ ಹೋಗಲಿ ಅಂತ ಸೇರಿಸಿಬಿಡ್ತೀವಿ.

ಎರಡನೇ ಉದಾಹರಣೆ ಬ್ಯಾಸ್ಕೆಟ್‌ಬಾಲ್‌ನದ್ದು. ಕರೀಂ ಅಬ್ದುಲ್ ಜಬ್ಬಾರ್. ಏಳು ಅಡಿ ಎರಡು ಇಂಚಿನ ಮನುಷ್ಯ. ಲಾಸ್ ಏಂಜಲೀಸ್‌ನಲ್ಲಿ ಕಾಲೇಜು ಓದುವಾಗ ಇವರಿಗೆ ಸಿಕ್ಕಿದ ಗುರು ಯಾರು ಗೊತ್ತಾ? ಬ್ರೂಸ್ ಲೀ. ಇವರಿಬ್ಬರೂ ಎದುರುಬದುರಾಗಿ ಹೊಡೆದಾಡೋ ದೃಶ್ಯ 'ಗೇಮ್ ಆಫ್ ಡೆತ್' ಸಿನಿಮಾದಲ್ಲಿದೆ, 1972ರಲ್ಲಿ ಚಿತ್ರೀಕರಣ ಆದದ್ದು. ಸಿನಿಮಾ ಬಿಡಿ, ಆಟ ನೋಡಿ. ಎನ್‌ಬಿಎ ಲೀಗ್‌ನಲ್ಲಿ ಕರೀಂ 1969ರಿಂದ 1989ರವರೆಗೆ 20 ಸೀಸನ್ ಆಡಿದರು. ಬಿಟ್ಟಾಗ ವಯಸ್ಸು 42. ಗಳಿಸಿದ ಅಂಕ 38,387. ಆ ದಾಖಲೆ ಮುರಿಯೋಕೆ ಲೆಬ್ರಾನ್ ಜೇಮ್ಸ್ ಬರಬೇಕಾಯ್ತು, ಅದೂ 2023ರ ಫೆಬ್ರವರಿಯಲ್ಲಿ. ಅಷ್ಟು ಎತ್ತರದವರಿಗೆ ಮಂಡಿ, ಬೆನ್ನು, ಪಾದ ಬೇಗ ಕೈಕೊಡುತ್ತೆ. ತಾನು ಅಷ್ಟು ವರ್ಷ ಹೆಚ್ಚು ಗಾಯವಿಲ್ಲದೆ ಆಡಿದ್ದಕ್ಕೆ ಬ್ರೂಸ್ ಲೀ ಕಲಿಸಿದ ಶಿಸ್ತು ಮತ್ತು ನಮ್ಮ ಯೋಗ ಎರಡೂ ಕಾರಣ ಅಂತ ಕರೀಂ ಹೇಳಿಕೊಂಡಿದ್ದಾರೆ.

ಮೂರನೆಯವರು ನಿಮಗೆಲ್ಲ ಗೊತ್ತಿರೋರು. ಜ್ಲಾಟಾನ್ ಇಬ್ರಾಹಿಮೋವಿಚ್. ಸ್ವೀಡನ್‌ನ ಮಾಲ್ಮೋ ಊರಿನ ಹುಡುಗ, ಫುಟ್‌ಬಾಲ್ ಜೊತೆಗೆ ಟೇಕ್ವಾಂಡೋ ಕಲಿತು ಕಪ್ಪು ಬೆಲ್ಟ್ ಪಡೆದವರು. 2012ರ ನವೆಂಬರ್ 14ರಂದು ಸ್ಟಾಕ್‌ಹೋಮ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಹೊಡೆದ ಗೋಲನ್ನ ಮೊಬೈಲಿನಲ್ಲಿ ಹುಡುಕಿ ನೋಡಿ. ಗೋಲ್‌ಕೀಪರ್ ಮುಂದೆ ಬಂದು ತಲೆಯಿಂದ ಚೆಂಡನ್ನ ದೂರ ತಳ್ಳಿದ್ದಾರೆ. ಚೆಂಡು ಗಾಳಿಯಲ್ಲಿದೆ, ಜ್ಲಾಟಾನ್ ಬೆನ್ನು ಗೋಲಿನ ಕಡೆಗಿದೆ. ನೆಲ ಬಿಟ್ಟು ಹಾರಿ, ಅಂಗಾತ ಆಗಿ, ತಲೆಯ ಮೇಲಿಂದ ಒದ್ದರು. ಸುಮಾರು 27 ಮೀಟರ್ ದೂರದಿಂದ ಚೆಂಡು ಗೋಲಿನೊಳಗೆ. ಆ ಪಂದ್ಯದಲ್ಲಿ ಸ್ವೀಡನ್ ಹೊಡೆದ ನಾಲ್ಕೂ ಗೋಲು ಅವರದ್ದೇ. 2013ರ ಪುಷ್ಕಾಸ್ ಪ್ರಶಸ್ತಿ ಆ ಒದೆತಕ್ಕೇ ಸಿಕ್ಕಿತು. ಆರೂಕಾಲು ಅಡಿಗಿಂತ ಎತ್ತರದ ಮನುಷ್ಯನ ಸೊಂಟದ ಕೀಲು ಅಷ್ಟು ಸಲೀಸಾಗಿ ತೆರೆದುಕೊಳ್ಳೋದಕ್ಕೆ ಟೇಕ್ವಾಂಡೋ ತರಬೇತಿಯ ಪಾಲೂ ಇದೆ ಅಂತ ಫುಟ್‌ಬಾಲ್ ಬಲ್ಲವರು ಹೇಳ್ತಾರೆ. ಆದರೆ ಎಲ್ಲರೂ ಒದೆತವನ್ನ ನೋಡ್ತಾರೆ. ನೀವು ವಿಡಿಯೋ ಹಾಕಿದಾಗ ಒದ್ದ ಮೇಲೆ ಅವರು ನೆಲಕ್ಕೆ ಬಿದ್ದು, ತಕ್ಷಣ ಎದ್ದು ಓಡೋದನ್ನೂ ನೋಡಿ.

ನಾಲ್ಕನೆಯದು ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ ಹಾಕ್ಕೊಂಡು ಗುದ್ದಾಡ್ತಾರಲ್ಲ, ಅದು. ಅಲ್ಲಿನ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ಬಾಬ್ ವಾರ್ಡ್ ಅನ್ನೋ ಕಂಡಿಷನಿಂಗ್ ಕೋಚ್ ಇದ್ದರು. ಅವರು ಬ್ರೂಸ್ ಲೀ ಶಿಷ್ಯ ಡ್ಯಾನ್ ಇನೊಸಾಂಟೊ ಅವರನ್ನ ಕರೆಸಿ ಆಟಗಾರರಿಗೆ ಪಾಠ ಮಾಡಿಸಿದರು. ಏನು ಪಾಠ? ಫಿಲಿಪೀನ್ಸ್‌ನ ಕಾಲಿ ವಿದ್ಯೆಯಲ್ಲಿ ಬರೋ ಕೈಚಳಕ. ಎದುರಾಳಿ ಎದೆಗೆ ಕೈ ಇಟ್ಟ ತಕ್ಷಣ ಆ ಕೈಯನ್ನ ಪಕ್ಕಕ್ಕೆ ತಟ್ಟಿ, ಸಿಲುಕಿಸಿ, ದಾಟಿ ಮುಂದೆ ಹೋಗೋದು. ಆ ಆಟದಲ್ಲಿ ಮುಂಚೂಣಿಯಲ್ಲಿ ನಿಲ್ಲೋ ಆಟಗಾರನಿಗೆ ಪಂದ್ಯದುದ್ದಕ್ಕೂ ಇರೋ ಕೆಲಸವೇ ಇದು. ಅದನ್ನ ಮನಸ್ಸಿಟ್ಟು ಕಲಿತವರಲ್ಲಿ ಒಬ್ಬರು ರ್‍ಯಾಂಡಿ ವೈಟ್, 1978ರ ಜನವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಶ್ರೇಷ್ಠ ಆಟಗಾರ ಪ್ರಶಸ್ತಿ ಹಂಚಿಕೊಂಡಿದ್ದವರು.

ನಾಲ್ಕು ಜನ, ನಾಲ್ಕು ಆಟ. ಒಬ್ಬರು ತಗೊಂಡದ್ದು ಸಮತೋಲನ, ಒಬ್ಬರು ಶಿಸ್ತು ಮತ್ತು ದೇಹದ ಆರೈಕೆ, ಒಬ್ಬರು ಸೊಂಟದ ಸಡಿಲ, ಇನ್ನೊಬ್ಬರು ಕೈಚಳಕ. ಇವರಲ್ಲಿ ಯಾರೂ ಮೈದಾನದಲ್ಲಿ ಯಾರಿಗೂ ಕರಾಟೆ ಏಟು ಕೊಡಲಿಲ್ಲ. ತಮ್ಮ ಆಟದ ಕೋಚ್ ಕಲಿಸದೆ ಬಿಟ್ಟಿದ್ದ ಒಂದೊಂದು ಪಾಠವನ್ನ ಸಮರ ಕಲೆಯ ಗುರುವಿನಿಂದ ತುಂಬಿಸಿಕೊಂಡರು.

ಈಗ ಮೊದಲಿನ ಪ್ರಶ್ನೆಗೆ ಬರ್ತೀನಿ. ಬೀಳೋದು. ನನ್ನ ಪ್ರಕಾರ ನಮ್ಮ ಮಕ್ಕಳಿಗೆ ಸಮರ ಕಲೆಯಿಂದ ಮೊದಲು ಬೇಕಾಗಿರೋದು ಇದೇ.

ಮನುಷ್ಯ ಬೀಳುವಾಗ ಸಹಜವಾಗಿ ಕೈ ಮುಂದೆ ಚಾಚ್ತಾನೆ. ಮೈಯ ಭಾರವೆಲ್ಲ ಅಂಗೈ ಅಗಲದ ಜಾಗದ ಮೇಲೆ, ಕಣ್ಣು ಮಿಟುಕಿಸೋದರೊಳಗೆ ಬಂದು ಕೂರುತ್ತೆ. ಅಲ್ಲಿಂದ ಆ ಪೆಟ್ಟು ಮೇಲಕ್ಕೆ ಹೋಗುತ್ತೆ. ಮಣಿಕಟ್ಟು, ಮೊಣಕೈ, ಭುಜ, ಕಾಲರ್ ಬೋನ್. ಈ ದಾರಿಯಲ್ಲಿ ಯಾವುದು ದುರ್ಬಲವೋ ಅದು ಮುರಿಯುತ್ತೆ. ಮೂಳೆ ಡಾಕ್ಟರ ಹತ್ತಿರ ಕೇಳಿ ನೋಡಿ, ಆಟ ಆಡಿ ಕೈ ಮುರ್ಕೊಂಡು ಬರೋ ಮಕ್ಕಳಲ್ಲಿ ಕೈ ಊರಿ ಬಿದ್ದವರು ಎಷ್ಟು ಅಂತ.

ಜೂಡೋದಲ್ಲಿ ಸೇರಿದ ಮೊದಲ ದಿನ ಎದುರಾಳಿಯನ್ನ ಎತ್ತಿ ಒಗೆಯೋದನ್ನ ಕಲಿಸಲ್ಲ. ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಅನ್ನೋ ಶಾಲೆ ಶುರು ಮಾಡಿ ಕಟ್ಟಿದ ವಿದ್ಯೆ ಅದು. ಅಲ್ಲಿ ಮೊದಲ ಪಾಠವೇ ಬೀಳೋದು. ಜಪಾನಿಯಲ್ಲಿ ಅದಕ್ಕೆ ಉಕೆಮಿ ಅಂತಾರೆ. ಮೊದಲು ಮಲಗಿಕೊಂಡೇ ಅಭ್ಯಾಸ, ಆಮೇಲೆ ಕೂತು, ಆಮೇಲೆ ಕುಕ್ಕರಗಾಲಲ್ಲಿ, ಕೊನೆಗೆ ನಿಂತು. ಹಿಂದಕ್ಕೆ ಬಿದ್ದರೆ ಗಲ್ಲವನ್ನ ಎದೆಗೆ ಒತ್ತಬೇಕು, ಹಾಗಾದರೆ ತಲೆಯ ಹಿಂಭಾಗ ನೆಲಕ್ಕೆ ಬಡಿಯಲ್ಲ. ಮುಂದಕ್ಕೆ ಬಿದ್ದರೆ ಒಂದು ಭುಜದಿಂದ ಶುರುವಾಗಿ ಬೆನ್ನಿನ ಮೇಲೆ ಓರೆಯಾಗಿ ಎದುರು ಬದಿಯ ಸೊಂಟದವರೆಗೆ ಚಕ್ರದ ಹಾಗೆ ಉರುಳಬೇಕು.

ಇದರ ಹಿಂದಿರೋ ಲೆಕ್ಕ ನಿಮಗೆ ಕ್ರಿಕೆಟ್‌ನಿಂದಲೇ ಗೊತ್ತು. ಜೋರಾಗಿ ಬರೋ ಕ್ಯಾಚನ್ನ ಕೈ ಗಟ್ಟಿ ಮಾಡಿ ಹಿಡಿದರೆ ಏನಾಗುತ್ತೆ? ಬೆರಳು ಉಳುಕುತ್ತೆ, ಚೆಂಡು ಪುಟಿದು ಹೋಗುತ್ತೆ. ಕೈಯನ್ನ ಚೆಂಡಿನ ಜೊತೆಗೇ ಹಿಂದಕ್ಕೆ ತಗೊಂಡರೆ ನೋವಾಗಲ್ಲ. ಪೆಟ್ಟು ಅಷ್ಟೇ, ಆದರೆ ಅದು ತಗಲೋಕೆ ಸಮಯ ಜಾಸ್ತಿ ಸಿಕ್ತು. ಬೀಳೋದರಲ್ಲೂ ಅದೇ. ಉರುಳಿದರೆ ಸಮಯ ಜಾಸ್ತಿ ಸಿಗುತ್ತೆ, ಅಂಗೈ ಒಂದರ ಬದಲು ಇಡೀ ಬೆನ್ನು ಪೆಟ್ಟನ್ನ ಹಂಚಿಕೊಳ್ಳುತ್ತೆ.

ಇದು ಬರೀ ಬಾಯಿಮಾತಲ್ಲ. ನೆದರ್ಲೆಂಡ್ಸ್‌ನ ನೈಮೇಗನ್ ಊರಿನ ಸಂಶೋಧಕರು ಇದನ್ನ ಅಳೆದು ನೋಡಿದ್ದಾರೆ. ಜೂಡೋ ಬಲ್ಲವರನ್ನ ಪಕ್ಕಕ್ಕೆ ಬೀಳಿಸಿದರು. ಒಂದು ಸಲ ಮಾಮೂಲಿಯಾಗಿ, ಇನ್ನೊಂದು ಸಲ ಸಮರ ಕಲೆಯ ರೀತಿ ಉರುಳಿಕೊಂಡು. ಉರುಳಿ ಬಿದ್ದಾಗ ಸೊಂಟಕ್ಕೆ ಬೀಳೋ ಪೆಟ್ಟು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗಿತ್ತು, 2007ರಲ್ಲಿ ಪ್ರಕಟವಾದ ಅಧ್ಯಯನ ಅದು. ಜೂಡೋದವರು ಬೀಳುವಾಗ ಕೈಯಿಂದ ಚಾಪೆಯನ್ನ ಬಡೀತಾರಲ್ಲ, ಹಾಗೆ ಬಡಿಯದೆ ಬರೀ ಉರುಳಿದಾಗಲೂ ಲಾಭ ಸಿಕ್ಕಿತು. ಮುಂದೆ ಅದೇ ಊರಿನಲ್ಲಿ ವಯಸ್ಸಾದವರಿಗೆ, ಬಿದ್ದರೆ ಸೊಂಟ ಮುರಿದೀತು ಅಂತ ಹೆದರೋರಿಗೆ ಇದನ್ನ ಕಲಿಸೋಕೆ ಶುರು ಮಾಡಿದರು. ಅಜ್ಜ ಅಜ್ಜಿಯರೇ ಕಲಿಯೋದಾದರೆ ಗೋಲ್‌ಕೀಪರ್ ಹುಡುಗ ಕಲೀಬಾರದಾ?

ಈಗ ನಮ್ಮ ಮಣ್ಣಿನ ಆಟಕ್ಕೆ ಬನ್ನಿ. ಕಬಡ್ಡಿ. 30 ಸೆಕೆಂಡಿನ ರೈಡ್. ಆಂಕಲ್ ಹೋಲ್ಡ್, ಥೈ ಹೋಲ್ಡ್, ಬ್ಲಾಕ್, ಡ್ಯಾಶ್ ಅಂತ ಕಾಮೆಂಟರಿಯಲ್ಲಿ ಕೇಳ್ತೀರಲ್ಲ, ಅವುಗಳಲ್ಲಿ ಬಹುತೇಕ ಪಟ್ಟುಗಳಿಗೆ ಕುಸ್ತಿಯಲ್ಲಿ ಅಣ್ಣತಮ್ಮಂದಿರಿದ್ದಾರೆ. ಎದುರಾಳಿಯ ಕಾಲಿಗೆ ಕೈ ಹಾಕೋ ಮೊದಲು ಸೊಂಟ ಎಷ್ಟು ತಗ್ಗಿಸಬೇಕು, ಹಿಡಿದ ಮೇಲೆ ತಲೆ ಯಾವ ಬದಿಗಿರಬೇಕು, ಅವನ ತೂಕ ಯಾವ ಕಾಲಿನ ಮೇಲಿದೆ ಅಂತ ಹೇಗೆ ಗುರುತಿಸಬೇಕು. ಇವೆಲ್ಲ ಕುಸ್ತಿಪಟುವಿಗೆ ದಿನನಿತ್ಯದ ಪಾಠ. ಅದರಲ್ಲೂ ತಲೆಯ ವಿಷಯ ದೊಡ್ಡದು. ತಲೆ ತಗ್ಗಿಸಿ, ಕಣ್ಣು ಮುಚ್ಚಿ ಎದುರಾಳಿಯ ಮಂಡಿಗೆ ನುಗ್ಗೋ ಹುಡುಗ ಕುತ್ತಿಗೆಯನ್ನೇ ಪಣಕ್ಕಿಟ್ಟ ಹಾಗೆ.

1990ರಿಂದ 2014ರವರೆಗೆ ಏಷ್ಯನ್ ಗೇಮ್ಸ್‌ನಲ್ಲಿ ಪುರುಷರ ಕಬಡ್ಡಿ ನಡೆದ ಏಳೂ ಸಲ ಚಿನ್ನ ನಮ್ಮದೇ. 2018ರಲ್ಲಿ ಜಕಾರ್ತದಲ್ಲಿ ಏನಾಯ್ತು? ಸೆಮಿಫೈನಲ್‌ನಲ್ಲಿ ಇರಾನ್ ನಮ್ಮನ್ನ 27–18ರಿಂದ ಸೋಲಿಸಿತು. ಮಹಿಳೆಯರ ಫೈನಲ್‌ನಲ್ಲೂ ಇರಾನ್‌ಗೇ ಗೆಲುವು, 27–24. ಇರಾನ್ ಕುಸ್ತಿಯ ನಾಡು. ಒಲಿಂಪಿಕ್ಸ್‌ನಲ್ಲಿ ಆ ದೇಶ ಗೆದ್ದ ಪದಕಗಳಲ್ಲಿ ಅತಿ ಹೆಚ್ಚು ಕುಸ್ತಿಯಿಂದಲೇ ಬಂದವು. ಗೆಲುವಿಗೆ ಅದೊಂದೇ ಕಾರಣ ಅಂತ ಹೇಳೋದು ತಪ್ಪಾಗುತ್ತೆ. ತಂತ್ರ ಇದೆ, ತಯಾರಿ ಇದೆ, ಆ ದಿನದ ನಮ್ಮ ಆಟವೂ ಇದೆ. ಆದರೆ ಚಿಕ್ಕಂದಿನಿಂದ ಕುಸ್ತಿ ನೋಡ್ತಾ, ಆಡ್ತಾ ಬೆಳೆಯೋ ನಾಡಿನ ಹುಡುಗರ ಹಿಡಿತ ಎಂಥದ್ದು ಅನ್ನೋದನ್ನ ಪ್ರೊ ಕಬಡ್ಡಿ ನೋಡೋ ನಿಮಗೆ ನಾನು ಹೇಳಬೇಕಾಗಿಲ್ಲ.

ನಮಗೇನು ಕುಸ್ತಿ ಇಲ್ವಾ? ಮೈಸೂರಿನ ಗಲ್ಲಿ ಗಲ್ಲಿಗಳಲ್ಲಿ ಗರಡಿ ಮನೆ ಇದ್ದವು, ಕೆಲವು ಇವತ್ತಿಗೂ ಇವೆ. ದಾವಣಗೆರೆ ಕಡೆ ಇವೆ, ಬೆಳಗಾವಿ, ಧಾರವಾಡ, ಬಾಗಲಕೋಟೆ ಕಡೆ ಇವೆ. ದಸರಾ ಬಂದರೆ ನಾಡಕುಸ್ತಿ ನಡೆಯುತ್ತೆ, ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತೆ, ನಮ್ಮ ಕ್ಯಾಮೆರಾಗಳೂ ಹೋಗ್ತವೆ. ದಸರಾ ಮುಗಿದ ಮೇಲೆ ಗರಡಿಯನ್ನ ಕೇಳೋರಿಲ್ಲ. ಕೆಂಪು ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ದಂಡ, ಬಸ್ಕಿ. ಹಿಡಿತಕ್ಕೆ, ಭುಜಕ್ಕೆ, ತೊಡೆಗೆ ಇದಕ್ಕಿಂತ ಅಗ್ಗದ ಜಿಮ್ ಎಲ್ಲಿದೆ ಸ್ವಾಮಿ? ಆ ಮೆತ್ತನೆ ಮಣ್ಣು ಬೀಳೋದನ್ನ ಕಲಿಯೋಕೂ ಚೆನ್ನ. ಪಕ್ಕದ ಶಾಲೆಯ ಕಬಡ್ಡಿ ತಂಡ ವಾರಕ್ಕೆರಡು ದಿನ ಗರಡಿಗೆ ಹೋದರೆ ತಂಡಕ್ಕೂ ಲಾಭ, ಗರಡಿಗೂ ಜೀವ.

ನಮ್ಮ ಫೋನ್ ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿದ ಒಬ್ಬ ತಾಯಿ ನನ್ನನ್ನ ಕೇಳಿದರು, "ಸಾರ್, ಮಗನಿಗೆ ಹನ್ನೊಂದು ವರ್ಷ. ವರ್ಷವಿಡೀ ಕ್ರಿಕೆಟ್ ಕೋಚಿಂಗ್. ಭುಜ ನೋವು ಅಂತಾನೆ. ಜೊತೆಗೆ ಕರಾಟೆಗೂ ಹಾಕ್ಲಾ?" ಅಮ್ಮಾ, ಮೊದಲು ಭುಜ ನೋವನ್ನ ಡಾಕ್ಟರಿಗೆ ತೋರಿಸಿ ಅಂದೆ. ಎರಡನೆಯದಾಗಿ, 'ಜೊತೆಗೆ' ಅನ್ನೋ ಆ ಪದ ಬಿಡಿ ಅಂದೆ. ಈಗಾಗಲೇ ತುಂಬಿರೋ ಚೀಲಕ್ಕೆ ಇನ್ನೊಂದು ಸೇರು ಸುರಿದರೆ ಚೀಲ ಹರಿಯುತ್ತೆ. ಸಮರ ಕಲೆ ಕಲಿಸೋದಾದರೆ ಕ್ರಿಕೆಟ್‌ನ ಸ್ವಲ್ಪ ಹೊತ್ತು ತೆಗೆದು ಆ ಜಾಗದಲ್ಲಿ ಇದನ್ನ ಇಡಬೇಕು.

ಇದು ನನ್ನ ಸ್ವಂತ ಬುದ್ಧಿ ಅಂದುಕೊಳ್ಳಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2016ರಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟಿದೆ. ಕನಿಷ್ಠ 15–16 ವರ್ಷದವರೆಗೆ ಮಕ್ಕಳನ್ನ ಒಂದೇ ಆಟಕ್ಕೆ ಕಟ್ಟಿ ಹಾಕಬೇಡಿ. ವಾರದಲ್ಲಿ ಒಂದೆರಡು ದಿನ ತಮ್ಮ ಮುಖ್ಯ ಆಟದಿಂದ ರಜೆ ಕೊಡಿ. ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳ ಕಂತಿನಲ್ಲಿ, ಆ ಆಟದಿಂದ ದೂರ ಇಡಿ. ದೂರ ಅಂದರೆ ಸೋಫಾ ಮೇಲೆ ಮಲಗಿಸಿ ಅಂತಲ್ಲ, ಬೇರೆ ಏನಾದರೂ ಆಡಲಿ ಅಂತ. ಜೂಡೋ, ಗರಡಿ, ಟೇಕ್ವಾಂಡೋ ಬರಬೇಕಾದದ್ದು ಆ ಖಾಲಿ ತಿಂಗಳುಗಳಲ್ಲಿ. ಯಾಕಂದ್ರೆ ವರ್ಷವಿಡೀ ಒಂದೇ ತೋಳಿನಿಂದ ಬೌಲಿಂಗ್ ಮಾಡೋ ಹುಡುಗನಿಗೆ ಅದೇ ಕೀಲು, ಅದೇ ಸ್ನಾಯು, ಅದೇ ದಿಕ್ಕಿಗೆ ಸವೀತಾ ಹೋಗುತ್ತೆ. ಎಡ ಬಲ ಎರಡೂ ಬದಿಗೆ ತಿರುಗೋ, ತಳ್ಳೋ, ಎಳೆಯೋ, ಉರುಳೋ ಕೆಲಸ ಸಿಕ್ಕಿದರೆ ಆ ಕೀಲಿಗೆ ಉಸಿರಾಡೋಕೆ ಬಿಡುವು.

ಹಾಗಾದರೆ ಯಾರಿಗೆ ಯಾವುದು? ಅರಕಾವ ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿ, ಈ ಆಟಗಾರನಿಗೆ ಇಲ್ಲದಿರೋದು ಏನು? ಗೋಲ್‌ಕೀಪರ್, ಕ್ರಿಕೆಟ್ ಫೀಲ್ಡರ್, ವಾಲಿಬಾಲ್‌ನಲ್ಲಿ ನೆಲಕ್ಕೆ ಬಿದ್ದು ಚೆಂಡೆತ್ತುವವರು, ಸೈಕಲ್ ಓಡಿಸೋರು, ಇವರಿಗೆ ಮೊದಲು ಜೂಡೋ ಅಥವಾ ಐಕಿಡೋದ ಬೀಳೋ ಪಾಠ. ಕಬಡ್ಡಿ, ರಗ್ಬಿ ಆಡೋರಿಗೆ ಕುಸ್ತಿ. ಫುಟ್‌ಬಾಲ್ ಆಡುವವರಿಗೆ, ಹರ್ಡಲ್ಸ್ ಓಡುವವರಿಗೆ ಸೊಂಟ ಬಿಗಿಯಾಗಿದ್ದರೆ, ಒಂಟಿ ಕಾಲಲ್ಲಿ ನಿಲ್ಲೋಕೆ ತಡವರಿಸಿದರೆ ಟೇಕ್ವಾಂಡೋದ ಒದೆತಗಳು, ನಿಧಾನವಾಗಿ, ಹತೋಟಿಯಲ್ಲಿ. ಬ್ಯಾಡ್ಮಿಂಟನ್, ಟೆನಿಸ್ ಆಡೋರಿಗೆ ಬಾಕ್ಸಿಂಗ್‌ನ ಕಾಲ್ಚಲನೆ ಮತ್ತು ಸ್ಕಿಪ್ಪಿಂಗ್. ಬಾಕ್ಸರ್ ಮೂರು ನಿಮಿಷದ ರೌಂಡಿನಲ್ಲಿ ಹೆಜ್ಜೆ ಕಾಲಿಗೆ ಕಾಲು ತೊಡರದ ಹಾಗೆ ಇಡ್ತಾನೆ, ತೂಕ ಯಾವತ್ತೂ ಹಿಮ್ಮಡಿ ಮೇಲೆ ಕೂರಲ್ಲ. ಶಟಲ್ ಕೋರ್ಟಿನಲ್ಲೂ ಬೇಕಾಗಿರೋದು ಅದೇ.

ಇಲ್ಲಿ ಎಚ್ಚರಿಕೆ ಹೇಳದೆ ಮುಗಿಸೋದು ಸರಿಯಲ್ಲ. ಬಾಕ್ಸಿಂಗ್ ಅಂದೆ, ಆದರೆ ಚೀಲಕ್ಕೆ ಗುದ್ದೋದು ಬೇರೆ, ಮುಖಕ್ಕೆ ಗುದ್ದಿಸಿಕೊಳ್ಳೋದು ಬೇರೆ. ಅದೇ ಅಮೆರಿಕದ ಮಕ್ಕಳ ವೈದ್ಯರು ಕೆನಡಾದವರ ಜೊತೆ ಸೇರಿ 2011ರಲ್ಲಿ ಮಕ್ಕಳಿಗೆ ಬಾಕ್ಸಿಂಗ್ ಬೇಡ ಅಂದಿದ್ದಾರೆ, ತಲೆಗೆ ಬೀಳೋ ಪೆಟ್ಟಿನ ಕಾರಣಕ್ಕೆ. ಬೇರೆ ಆಟದವನಿಗೆ ಸಮರ ಕಲೆಯಲ್ಲಿ ಕಾದಾಟದ ಅಗತ್ಯವೇ ಇಲ್ಲ. ರಾಜ್ಯ ತಂಡದ ಆಯ್ಕೆಗೆ ಎರಡು ವಾರ ಇದೆ ಅನ್ನುವಾಗ ಜೂಡೋ ಚಾಪೆ ಮೇಲೆ ಮೊಣಕೈ ತಿರುಚಿಸಿಕೊಂಡರೆ ಯಾರು ಹೊಣೆ? ಪಂದ್ಯಗಳ ಕಾಲದಲ್ಲಿ ಹೊಸದೇನನ್ನೂ ಶುರು ಮಾಡಬೇಡಿ. ಕೀಲು ತಿರುಚೋ ಪಟ್ಟು, ಕತ್ತು ಒತ್ತೋ ಪಟ್ಟು ನಿಮ್ಮ ಫುಟ್‌ಬಾಲ್ ಹುಡುಗನಿಗೆ ಬೇಡವೇ ಬೇಡ.

ಇನ್ನೊಂದು ಮಾತು. ಟೇಕ್ವಾಂಡೋ ಕಲಿತರೆ ಗೋಲು ಹೊಡೆಯೋದು ಬರಲ್ಲ. ಗೋಲು ಹೊಡೆಯೋದು ಬರೋಕೆ ಗೋಲೇ ಹೊಡೀಬೇಕು. ಓ ಅವರು ಖಡ್ಗ ಬೀಸಿದ ಮೇಲೆ ಬ್ಯಾಟನ್ನೂ ಸಾವಿರಾರು ಸಲ ಬೀಸಿದರು. ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ. ಆರಂಭಕ್ಕೆ ಅಷ್ಟು ಸಾಕು.

ಗುರುವನ್ನ ಹುಡುಕೋದು ಹೇಗೆ? ನಮ್ಮಲ್ಲಿ ಬೆಲ್ಟಿನ ವ್ಯಾಪಾರವೂ ಜೋರಾಗಿದೆ. ಮೂರು ತಿಂಗಳಿಗೊಂದು ಬಣ್ಣ, ಬಣ್ಣಕ್ಕೊಂದು ಪರೀಕ್ಷೆ, ಪರೀಕ್ಷೆಗೊಂದು ಫೀಸು. ಸೇರಿಸೋ ಮೊದಲು ಹೋಗಿ ಒಂದು ಕ್ಲಾಸು ಕೂತು ನೋಡಿ. ಕೆಳಗೆ ಚಾಪೆ ಇದೆಯಾ, ಅಥವಾ ಬರೀ ಸಿಮೆಂಟ್ ನೆಲವಾ? ಹೊಸ ಮಕ್ಕಳಿಗೆ ಬೀಳೋದನ್ನ ಕಲಿಸ್ತಾರಾ, ಅಥವಾ ಮೊದಲ ವಾರವೇ ಜೋಡಿ ಕಟ್ಟಿ ಹೊಡೆದಾಟಕ್ಕೆ ಬಿಡ್ತಾರಾ? ಸಣ್ಣ ಹುಡುಗನನ್ನ ದೊಡ್ಡವನ ಜೊತೆ ನಿಲ್ಲಿಸ್ತಾರಾ? ನೋವು ಅಂದರೆ ನಿಲ್ಲಿಸ್ತಾರಾ, ಗಂಡಸಲ್ವಾ ತಡ್ಕೋ ಅಂತಾರಾ? ಕೊನೆಗೆ ಒಂದು ಮಾತು ನೇರವಾಗಿ ಕೇಳಿ, "ಸಾರ್, ನನ್ನ ಮಗಳು ವಾಲಿಬಾಲ್ ಆಡ್ತಾಳೆ. ಅವಳಿಗೆ ಬೆಲ್ಟ್ ಬೇಡ. ಬೀಳೋದು, ಉರುಳೋದು, ಒಂಟಿ ಕಾಲಲ್ಲಿ ಗಟ್ಟಿಯಾಗಿ ನಿಲ್ಲೋದು, ಇಷ್ಟು ಮೂರು ತಿಂಗಳಲ್ಲಿ ಕಲಿಸ್ತೀರಾ?" ಆಗಲಿ ಅಂದವರು ನಿಮ್ಮ ಗುರು.

ಈ ಮಾತು ಅಪ್ಪ ಅಮ್ಮಂದಿರಿಗಷ್ಟೇ ಅಲ್ಲ. ನಮ್ಮ ದೈಹಿಕ ಶಿಕ್ಷಕರಿಗೆ, ಅಕಾಡೆಮಿ ನಡೆಸೋರಿಗೆ, ಕ್ರೀಡಾ ಇಲಾಖೆಯವರಿಗೂ ಹೇಳ್ತೀನಿ. ಶಾಲೆಯಲ್ಲಿ ನಾಲ್ಕು ಜೂಡೋ ಚಾಪೆ ಹಾಕೋದು ದೊಡ್ಡ ಖರ್ಚಲ್ಲ. ಊರಲ್ಲಿ ಗರಡಿ ಇದ್ದರೆ ಅದೂ ಬೇಡ, ಆ ಹಿರಿಯ ಪೈಲ್ವಾನರನ್ನ ಕರೆದು ಒಂದು ಶಾಲು ಹೊದಿಸಿ, ತಿಂಗಳಿಗೆ ಒಂದಿಷ್ಟು ಗೌರವಧನ ಕೊಟ್ಟು, ನಮ್ಮ ಮಕ್ಕಳಿಗೆ ಬೀಳೋದನ್ನ ಕಲಿಸಿಕೊಡಿ ಯಜಮಾನ್ರೇ ಅಂತ ಕೇಳಿ. ಅವರು ಬೇಡ ಅನ್ನೋದಿಲ್ಲ. ಅವರನ್ನ ಯಾರೂ ಕೇಳಿಲ್ಲ ಅಷ್ಟೇ.

ಈ ಬೇಸಿಗೆ ರಜೆಗೆ ಇನ್ನೊಂದು ಕೋಚಿಂಗ್ ಕ್ಯಾಂಪಿಗೆ ದುಡ್ಡು ಕಟ್ಟೋ ಮೊದಲು, ನಿಮ್ಮ ಮಗುವನ್ನ ಮನೆ ಹಾಸಿಗೆ ಮೇಲೆ ಒಂದು ಸಲ ಹಿಂದಕ್ಕೆ ಉರುಳೋಕೆ ಹೇಳಿ. ಗಲ್ಲ ಎದೆಗೆ ಒತ್ತುತ್ತಾ, ಅಥವಾ ತಲೆ ಹಿಂದಕ್ಕೆ ಬೀಳುತ್ತಾ, ನೀವೇ ನೋಡಿ. ಏನು ಕಲಿಸಬೇಕು ಅನ್ನೋದು ಅಲ್ಲೇ ಗೊತ್ತಾಗುತ್ತೆ.